ನಲವತ್ತು ನಿಮಿಷ ನುಡಿಸಿದ ಎಡಗೈ ಬಾಸ್

ಹದಿನಾರು ವರ್ಷಗಳಿಂದ ಆಸೆಪಟ್ಟಿದ್ದ ಎಡಗೈ ಬಾಸ್ ಗಿಟಾರನ್ನು 2024ರ ನವೆಂಬರ್ ತಿಂಗಳಲ್ಲಿ ಟೋಕಿಯೊದ ಒಂದು ಅಂಗಡಿಯಲ್ಲಿ ಕೈಗೆತ್ತಿಕೊಂಡೆ, ನಲವತ್ತು ನಿಮಿಷ ನುಡಿಸಿದೆ, ಕೊಳ್ಳದೆ ಹಿಂತಿರುಗಿಸಿ ಬಂದೆ. ಹಣ ಜೊತೆಯಲ್ಲಿತ್ತು, ಮನೆಯಲ್ಲಿ ಒಪ್ಪಿಗೆಯೂ ಸಿಕ್ಕಿತ್ತು, ವಿಮಾನದಲ್ಲಿ ತರುವುದಕ್ಕೆ ಎಂಥ ಪೆಟ್ಟಿಗೆ ಬೇಕೆಂಬುದನ್ನೂ ವಿಚಾರಿಸಿಟ್ಟುಕೊಂಡಿದ್ದೆ. ಆದರೂ ಕೊಳ್ಳಲು ಮನಸ್ಸು ಬರಲಿಲ್ಲ. ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ "ಸರಿಹೋಗಲಿಲ್ಲ" ಎಂದಷ್ಟೇ ಹೇಳಿದ್ದೇನೆ. ಆ ಒಂದು ಮಾತಿನೊಳಗೆ ಇರುವುದನ್ನು ಬಿಡಿಸಿ ಬರೆಯಬೇಕೆಂದು ಬಹಳ ದಿನಗಳಿಂದ ಅನಿಸುತ್ತಿದೆ. ನನ್ನಂತೆ ಎಡಗೈಯಲ್ಲಿ ನುಡಿಸುವವರು ಯಾರಾದರೂ ಇಂಥದ್ದೇ ಒಂದು ವಾದ್ಯದ ಚಿತ್ರವನ್ನು ನೋಡುತ್ತಾ ಹಣ ಕೂಡಿಡುತ್ತಿದ್ದರೆ ಅವರಿಗೆ ಇದು ಉಪಯೋಗಕ್ಕೆ ಬರಬಹುದು.

ನಾನು ಹುಟ್ಟು ಎಡಚ. ಊಟಕ್ಕೆ ಕುಳಿತಾಗ ಅಜ್ಜಿ ನನ್ನ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುವಂತೆ ಹೇಳುತ್ತಿದ್ದರು. ಶಾಲೆಯಲ್ಲಿ ಬಳಪ ಬಲಗೈಗೆ ದಾಟಿತು. ಸಂಗೀತ ಪಾಠಕ್ಕೆ ಸೇರಿದಾಗ ಎಡಗೈಯಲ್ಲಿ ತಾಳ ಹಾಕುತ್ತಿದ್ದ ನನ್ನನ್ನು ಮೇಷ್ಟ್ರು ಕೈ ಹಿಡಿದು ತಿದ್ದಿದರು. ಊಟವೂ ಬರವಣಿಗೆಯೂ ಬಲಗೈಗೆ ಹೋಗಿ ನೆಲೆಸಿದವು. ಲಯ ಮಾತ್ರ ಹೋಗಲಿಲ್ಲ. ಬಲಗೈಯಲ್ಲಿ ತಾಳ ಹಾಕಿದರೆ ಎಣಿಕೆ ತಪ್ಪುತ್ತಿತ್ತು, ಎಡಗೈಯಲ್ಲಿ ಹಾಕಿದರೆ ಎಣಿಸಬೇಕಾಗಿಯೇ ಇರಲಿಲ್ಲ. ಮೃದಂಗದ ಮಹಾನ್ ವಿದ್ವಾಂಸರಾದ ಪಳನಿ ಸುಬ್ರಮಣ್ಯ ಪಿಳ್ಳೆಯವರು ಎಡಗೈ ವಾದಕರಾಗಿದ್ದರು ಎಂದು ನನಗೆ ಮೊದಲು ಹೇಳಿದವರೂ ಅದೇ ಮೇಷ್ಟ್ರೇ. ಎಡಗೈಯವರು ಮೃದಂಗ ಹಿಡಿದರೆ ಬಲಮುಖ ಸಭೆಯತ್ತ ಇರುವುದಕ್ಕಾಗಿ ವೇದಿಕೆಯ ಇನ್ನೊಂದು ಬದಿಯಲ್ಲಿ ಕೂರಬೇಕು, ಪಿಟೀಲಿನವರು ಜಾಗ ಬಿಟ್ಟುಕೊಡಬೇಕು. ಒಂದು ಕೈಗಾಗಿ ಇಡೀ ವೇದಿಕೆಯೇ ಅದಲುಬದಲಾಗುತ್ತದೆ ಎಂಬ ಸಂಗತಿ ಆ ವಯಸ್ಸಿನಲ್ಲಿ ನನಗೆ ಎಷ್ಟು ಧೈರ್ಯ ಕೊಟ್ಟಿತೆಂಬುದನ್ನು ಈಗಲೂ ಮರೆತಿಲ್ಲ.

ಬಾಸ್ ನನ್ನ ಕೈಗೆ ಸಿಕ್ಕಿದ್ದು ಹಾಸನದಲ್ಲಿ, ಗಣಪತಿ ಹಬ್ಬಕ್ಕೆ ಕಾರ್ಯಕ್ರಮ ಕೊಡುತ್ತಿದ್ದ ಒಂದು ಆರ್ಕೆಸ್ಟ್ರಾದಲ್ಲಿ. ಕೀಬೋರ್ಡ್, ತಬಲಾ, ರಿದಮ್ ಪ್ಯಾಡ್ ಮತ್ತು ಇಬ್ಬರು ಗಾಯಕರಿದ್ದ ಆ ತಂಡದ ಬಾಸ್ ವಾದಕರು ಕೆಲಸ ಸಿಕ್ಕಿ ಊರು ಬಿಟ್ಟಿದ್ದರು; ಅವರು ನುಡಿಸುತ್ತಿದ್ದ ವಾದ್ಯ ತಂಡದ ಯಜಮಾನರ ಮನೆಯ ಅಟ್ಟದಲ್ಲಿ ಉಳಿದಿತ್ತು. ಅದನ್ನು ಕೆಳಗಿಳಿಸಿ ಕೈಗೆ ಕೊಟ್ಟಾಗ ನಾನು ಯೋಚಿಸದೆಯೇ ತಿರುಗಿಸಿ ಹಿಡಿದೆ. ಹಾಗೆ ಹಿಡಿದರೆ ದಪ್ಪ ತಂತಿ ಕೆಳಗೂ ಸಣ್ಣ ತಂತಿ ಮೇಲೂ ಬರುತ್ತದೆ. ಅಮೆರಿಕದ ಬಾಸ್ ವಾದಕ ಜಿಮ್ಮಿ ಹ್ಯಾಸ್ಲಿಪ್ ಹಾಗೆಯೇ ಇಟ್ಟುಕೊಂಡು ನುಡಿಸುತ್ತಾರೆ. ಪ್ರಸಿದ್ಧ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಲಗೈಯವರ ಗಿಟಾರನ್ನು ತಿರುಗಿಸಿ ತಂತಿಗಳನ್ನು ಮಾತ್ರ ತಮ್ಮ ಕೈಗೆ ತಕ್ಕಂತೆ ಬದಲಿಸಿ ಕಟ್ಟಿಕೊಳ್ಳುತ್ತಿದ್ದರು. ಇವರಿಬ್ಬರ ಹೆಸರನ್ನೂ ಆಗ ನಾನು ಕೇಳಿರಲಿಲ್ಲ, ಆದರೆ ಹಿಡಿದದ್ದು ಹೆಂಡ್ರಿಕ್ಸ್ ದಾರಿಯನ್ನೇ.

ತಂತಿ ಬದಲಿಸಿದ ಕೂಡಲೇ ನಟ್‌ನ ಸಮಸ್ಯೆ ಎದುರಾಯಿತು. ನೆಕ್‌ನ, ಅಂದರೆ ವಾದ್ಯದ ಉದ್ದನೆಯ ಕತ್ತಿನ, ತುದಿಯಲ್ಲಿ, ತಂತಿಗಳು ಹಾದುಹೋಗುವಲ್ಲಿ, ನಾಲ್ಕು ಕಚ್ಚುಗಳಿರುವ ಒಂದು ಸಣ್ಣ ಪಟ್ಟಿ ಇರುತ್ತದೆ; ಅದೇ ನಟ್. ಬಾಸ್‌ನ ಅತಿ ದಪ್ಪ ತಂತಿ ಸಾಮಾನ್ಯವಾಗಿ ಸುಮಾರು 2.7 ಮಿಲಿಮೀಟರ್, ಅತಿ ಸಣ್ಣದು ಸುಮಾರು 1.1 ಮಿಲಿಮೀಟರ್ ದಪ್ಪವಿರುತ್ತದೆ. ಸಣ್ಣ ತಂತಿಗೆಂದು ಕೊರೆದ ಕಚ್ಚಿನಲ್ಲಿ ದಪ್ಪ ತಂತಿ ಕೂರುವುದಿಲ್ಲ, ದಪ್ಪ ತಂತಿಯ ಕಚ್ಚಿನಲ್ಲಿ ಸಣ್ಣದು ನಿಲ್ಲದೆ ಗಿರಗಿರ ಎನ್ನುತ್ತದೆ. ಗಿಟಾರ್ ರಿಪೇರಿ ಮಾಡುವವರು ಹಾಸನದಲ್ಲಿ ನನಗೆ ಯಾರೂ ಗೊತ್ತಿರಲಿಲ್ಲವಾದ್ದರಿಂದ ಪರಿಚಯದ ಅಕ್ಕಸಾಲಿಗರೊಬ್ಬರ ಬಳಿಗೆ ಹೋದೆ. ಅವರು ಬೇಡವೆನ್ನಲಿಲ್ಲ. ಮನೆಯಲ್ಲಿದ್ದ ಹಳೆಯ ಕೊಂಬಿನ ಹಣಿಗೆಯ ಬೆನ್ನುಭಾಗವನ್ನು ಕತ್ತರಿಸಿ, ಉಜ್ಜಿ ಅಳತೆಗೆ ತಂದು, "ಯಾವ ತಂತಿ ಎಲ್ಲಿ ಕೂರಬೇಕು ಅಂತ ನೀನೇ ಗೆರೆ ಹಾಕ್ಕೊಡಪ್ಪ, ನಾನು ಕೊರೀತೀನಿ" ಎಂದರು. ಪೆನ್ಸಿಲಿನಲ್ಲಿ ನಾಲ್ಕು ಗೆರೆ ಎಳೆದುಕೊಟ್ಟೆ. ಆಭರಣಕ್ಕೆ ಬಳಸುವ ಸೂಜಿಯಂಥ ಅರದಿಂದ ಅವರು ಒಂದೊಂದೇ ಕಚ್ಚನ್ನು ಕೊರೆದು, ತಂತಿ ಇಟ್ಟು ನೋಡಿ, ಊದಿ, ಮತ್ತೆ ಕೊರೆದರು. ಆ ನಟ್ ಇಷ್ಟು ವರ್ಷ ಕದಲದೆ ಕೆಲಸ ಮಾಡಿದೆ.

ತಿರುಗಿಸಿದ ಬಾಸ್‌ನ ಉಳಿದ ತೊಂದರೆಗಳಿಗೆ ಮಾತ್ರ ಅಕ್ಕಸಾಲಿಗರ ಬಳಿ ಪರಿಹಾರವಿರಲಿಲ್ಲ. ಬಲಗೈಯವರಿಗಾಗಿ ಮಾಡಿದ ಬಾಸ್‌ನಲ್ಲಿ ಒಡಲಿನಿಂದ ಚಾಚಿದ ಎರಡು ಕೊಂಬುಗಳಲ್ಲಿ ಮೇಲಿನದು ಉದ್ದವಾಗಿ, ನೆಕ್‌ನ ಮೇಲೆ ಅಡ್ಡಲಾಗಿರುವ ಫ್ರೆಟ್ ಎಂಬ ಲೋಹದ ಪಟ್ಟಿಗಳಲ್ಲಿ ಹೆಚ್ಚುಕಡಿಮೆ ಹನ್ನೆರಡನೆಯದರವರೆಗೆ ಚಾಚಿರುತ್ತದೆ. ಸ್ಟ್ರಾಪ್ ಸಿಕ್ಕಿಸುವ ಗುಂಡಿ ಅದರ ತುದಿಯಲ್ಲಿರುವುದರಿಂದ ವಾದ್ಯ ತೂಕ ತಪ್ಪದೆ ಹೆಗಲಿನಿಂದ ನೆಟ್ಟಗೆ ತೂಗುತ್ತದೆ. 1951ರಲ್ಲಿ ಲಿಯೊ ಫೆಂಡರ್ ಅವರ ಕಂಪನಿ ಹೊರತಂದ ಪ್ರಿಸಿಷನ್ ಬಾಸ್‌ನ ರೂಪ ಅದು, ಇವತ್ತಿಗೂ ಎಷ್ಟೋ ಕಂಪನಿಗಳು ಅನುಸರಿಸುತ್ತಿರುವ ರೂಪವೂ ಅದೇ. ತಿರುಗಿಸಿ ಹಿಡಿದಾಗ ಗಿಡ್ಡ ಕೊಂಬು ಮೇಲಕ್ಕೆ ಬರುತ್ತದೆ, ನೆಕ್‌ನ ತುದಿಯ ತಲೆಭಾಗವಾದ ಹೆಡ್‌ಸ್ಟಾಕ್ ನೆಲದತ್ತ ವಾಲುತ್ತದೆ. ತಂತಿಗಳನ್ನು ಒತ್ತಬೇಕಾದ ನನ್ನ ಬಲಗೈ ಆಗ ಎರಡು ಕೆಲಸ ಮಾಡಬೇಕು: ನೆಕ್ಕನ್ನು ಎತ್ತಿ ಹಿಡಿಯಬೇಕು, ಸ್ವರವನ್ನೂ ಒತ್ತಬೇಕು. ಮೂರು ಗಂಟೆಯ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ನೋವು ಹರಿದಿರುತ್ತದೆ. ನಾಬ್‌ಗಳೂ ಜ್ಯಾಕೂ ಮೇಲ್ಭಾಗಕ್ಕೆ ಬಂದು ಮುಂಗೈಗೆ ತಾಗುವುದರಿಂದ ಹಾಡಿನ ನಡುವೆಯೇ ಶಬ್ದ ಏರಿಳಿದದ್ದೂ ಉಂಟು. "ಹೇಗೂ ಎರಡೂ ಕೈಗೆ ಕೆಲಸ ಇದೆಯಲ್ಲ, ಎಲ್ಲರ ಹಾಗೆ ಬಲಗೈಯಲ್ಲೇ ಕಲಿಯಬಾರದೇ" ಎಂದು ಕೇಳಿದವರು ಬಹಳ ಮಂದಿ. ಒತ್ತುವ ಕೈಯನ್ನು ಹೇಗಾದರೂ ಪಳಗಿಸಬಹುದು, ಆದರೆ ಲಯ ಹುಟ್ಟುವುದು ಮೀಟುವ ಕೈಯಲ್ಲಿ. ನನಗೆ ಅದು ಎಡಗೈ. ಬಾಸ್ ನುಡಿಸುವವನಿಗೆ ಲಯಕ್ಕಿಂತ ದೊಡ್ಡದು ಇನ್ನೇನೂ ಇಲ್ಲ.

2008ರಲ್ಲಿ ಬೆಂಗಳೂರಿನ ಅಂಗಡಿಯೊಂದರಲ್ಲಿ ತಂತಿ ಕೊಳ್ಳಲು ನಿಂತಿದ್ದಾಗ ಗಲ್ಲಾದ ಮೇಲಿದ್ದ ಕ್ಯಾಟಲಾಗಿನ ಕೊನೆಯ ಪುಟದಲ್ಲಿ ಆ ಚಿತ್ರ ಕಂಡಿತು. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೊಳಪಿಲ್ಲದ ಎಣ್ಣೆಬಣ್ಣದ ಮರ, ಕಪ್ಪು ಫಲಕ, ತಂತಿಯ ಕಂಪನ ಹಿಡಿಯುವ ಎರಡು ಪಿಕಪ್‌ಗಳು, ಮತ್ತು ಎಲ್ಲವೂ ನನ್ನ ಕಡೆಗೆ ತಿರುಗಿಕೊಂಡಿದ್ದವು. ನೂರು ಜನರಲ್ಲಿ ಹೆಚ್ಚುಕಡಿಮೆ ಹತ್ತು ಮಂದಿ ಎಡಗೈಯವರೆಂದು ಹೇಳುತ್ತಾರೆ, ಆದರೆ ಎಡಗೈ ವಾದ್ಯ ಕೇಳುವವರು ಅದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ಕಂಪನಿಗಳು ಒಂದೆರಡು ಮಾದರಿಗಳನ್ನು ಒಂದೆರಡು ಬಣ್ಣಗಳಲ್ಲಿ ಮಾತ್ರ ಮಾಡುತ್ತವೆ, ಅಂಗಡಿಗಳು ಅದನ್ನೂ ತರಿಸುವುದಿಲ್ಲ. ಬೆಂಗಳೂರಿನ ಯಾವ ಅಂಗಡಿಯ ಗೋಡೆಯ ಮೇಲೂ ಎಡಗೈ ಬಾಸ್ ತೂಗುತ್ತಿದ್ದುದನ್ನು ನಾನು ಒಮ್ಮೆಯೂ ನೋಡಿಲ್ಲ. ಮುಂಗಡ ಕೊಟ್ಟರೆ ತರಿಸುತ್ತೇವೆ, ಬಂದ ಮೇಲೆ ಬೇಡವೆನ್ನುವಂತಿಲ್ಲ ಎನ್ನುತ್ತಿದ್ದರು. ನುಡಿಸಿ ನೋಡದೆ ಅಷ್ಟು ಹಣ ಹಾಕುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪುಟವನ್ನು ಕೇಳಿ ಪಡೆದು ಬಾಸ್‌ನ ಪೆಟ್ಟಿಗೆಯೊಳಗೆ ಇಟ್ಟುಕೊಂಡೆ.

ಆಮೇಲೆ ಕೆಲಸ, ಮದುವೆ, ಮನೆ ಎಂದು ವರ್ಷಗಳು ಕಳೆದವು. ಸುಗಮ ಸಂಗೀತದ ಕಾರ್ಯಕ್ರಮಗಳಿಗೆ ವಾರಾಂತ್ಯದಲ್ಲಿ ನುಡಿಸುವುದನ್ನು ಮಾತ್ರ ಬಿಡಲಿಲ್ಲ. 2024ರ ಫೆಬ್ರುವರಿಯಲ್ಲಿ ಬೀಟಲ್ಸ್ ತಂಡದ ಎಡಗೈ ಬಾಸ್ ವಾದಕ ಪಾಲ್ ಮೆಕಾರ್ಟ್ನಿಯವರ ಹಳೆಯ ಹಾಫ್ನರ್ ಬಾಸ್ ಮರಳಿ ಸಿಕ್ಕಿತೆಂಬ ಸುದ್ದಿ ಬಂತು. 1961ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಅವರು ಕೊಂಡ, 1972ರಲ್ಲಿ ಕಳುವಾಗಿದ್ದ ವಾದ್ಯವದು. ಅದರ ಆಕಾರ ಪಿಟೀಲಿನಂತೆ ಎರಡೂ ಬದಿಗೆ ಒಂದೇ ಸಮನಾಗಿರುವುದರಿಂದ ಎಡಗೈಯಲ್ಲಿ ಹಿಡಿದರೂ ವಿಚಿತ್ರವಾಗಿ ಕಾಣದು ಎಂಬುದು ತಾವು ಅದನ್ನು ಆರಿಸಿಕೊಂಡ ಕಾರಣಗಳಲ್ಲಿ ಒಂದೆಂದು ಮೆಕಾರ್ಟ್ನಿಯವರೇ ಹೇಳಿದ್ದಾರೆ. ಐವತ್ತು ವರ್ಷಗಳಿಗೂ ಮೀರಿ ಕಾಣೆಯಾಗಿದ್ದ ಎಡಗೈ ಬಾಸ್ ಒಂದು ತನ್ನ ಕೈಗೆ ಹಿಂತಿರುಗಿತೆಂದು ಓದಿದ ರಾತ್ರಿ ನಾನು ಪೆಟ್ಟಿಗೆ ತೆರೆದು ಆ ಪುಟವನ್ನು ಹೊರತೆಗೆದೆ. ಅದೇ ವರ್ಷ ಕಚೇರಿಯವರು ಎರಡು ವಾರದ ಕೆಲಸಕ್ಕೆ ಟೋಕಿಯೊಗೆ ಕಳುಹಿಸುವುದಾಗಿ ಹೇಳಿದಾಗ ನಾನು ಮೊದಲು ವಿಚಾರಿಸಿದ್ದು ಓಚನೋಮಿಜುವಿನ ಬಗ್ಗೆ.

ಓಚನೋಮಿಜು ಟೋಕಿಯೊದ ಗಿಟಾರ್ ಪೇಟೆ. ಕಾಂಡಾ ನದಿಯ ದಂಡೆಗೆ ಅಂಟಿಕೊಂಡಂತಿರುವ ನಿಲ್ದಾಣದಲ್ಲಿ ಕಿತ್ತಳೆ ಪಟ್ಟಿಯ ಚುವೊ ರೈಲಿನಿಂದಿಳಿದು ಹೊರಗೆ ಬಂದರೆ ಮೇಜಿ ವಿಶ್ವವಿದ್ಯಾಲಯದ ಮುಂದೆ ಹಾದುಹೋಗುವ ಇಳಿಜಾರು ರಸ್ತೆ ಸಿಗುತ್ತದೆ, ಅದರ ಎರಡೂ ಬದಿಗೆ ಗಿಟಾರ್ ಅಂಗಡಿಗಳು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಅಲ್ಲಿದ್ದೆ. ಮೊದಲೇ ಪತ್ರ ಬರೆದು ವಿಚಾರಿಸಿದ್ದ ಅಂಗಡಿಗೆ ಹೋಗಿ ಎಡಗೈಯವರ ವಿಭಾಗ ಎಲ್ಲಿ ಎಂದು ಕೇಳಿದಾಗ ಮಹಡಿ ತೋರಿಸಿದರು.

ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತವನಿಗೆ ಕೆಲವು ಕ್ಷಣ ಮುಂದಕ್ಕೆ ಹೆಜ್ಜೆ ಇಡಲಾಗಲಿಲ್ಲ. ಗೋಡೆಯ ತುಂಬ ತೂಗುತ್ತಿದ್ದ ಗಿಟಾರುಗಳೆಲ್ಲ ನನ್ನ ಕಡೆಗೆ ತಿರುಗಿಕೊಂಡಿದ್ದವು. ಎಲ್ಲ ಅಂಗಡಿಯಲ್ಲೂ ಒಂದು ದಿಕ್ಕಿಗೆ ಚಾಚಿರುವ ಕೊಂಬುಗಳು ಇಲ್ಲಿ ಸಾಲುಸಾಲಾಗಿ ಇನ್ನೊಂದು ದಿಕ್ಕಿಗೆ ಚಾಚಿದ್ದವು. ಯಾವುದನ್ನು ಎತ್ತಿಕೊಂಡರೂ ಮನಸ್ಸಿನಲ್ಲೇ ತಿರುವಿ ನೋಡಬೇಕಾದ ಅಗತ್ಯ ಜೀವನದಲ್ಲಿ ಮೊದಲ ಸಲ ಇರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಈ ಲೇಖನದಲ್ಲಿ ನಿರಾಶೆಯ ಮಾತೇ ಹೆಚ್ಚಾಗಿದ್ದರೂ ಆ ಗೋಡೆಯನ್ನು ನೋಡಿದ್ದೇ ಒಂದು ಭಾಗ್ಯ ಎಂಬುದನ್ನು ಹೇಳದೆ ಮುಂದಕ್ಕೆ ಹೋಗಲಾರೆ.

ನಾನು ಹುಡುಕಿಕೊಂಡು ಬಂದದ್ದು ಎರಡನೆಯ ಸಾಲಿನಲ್ಲಿತ್ತು. ಬೆಲೆ ಎರಡು ಲಕ್ಷ ಯೆನ್‌ಗೆ ಹತ್ತಿರ, ಅಂದರೆ ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿ ಮೀರುತ್ತಿತ್ತು. ಅಂಗಡಿಯ ತರುಣ ಅದನ್ನು ಇಳಿಸಿ, ಬಟ್ಟೆಯಿಂದ ಒರೆಸಿ, ಶ್ರುತಿ ಮಾಡಿ, ಆಂಪ್‌ಗೆ ಜೋಡಿಸಿ, ಎರಡೂ ಕೈಗಳಿಂದ ನನ್ನ ಮುಂದೆ ಹಿಡಿದರು. ಕುಳಿತುಕೊಂಡೇ ಮೊದಲ ಸ್ವರ ಮೀಟಿದೆ. ಬಾಸ್‌ನ ಅತಿ ದಪ್ಪ ತಂತಿಯಾದ ಇ, ಬೆರಳಿನಿಂದ ಒತ್ತದೆ ಮೀಟಿದರೆ, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಒಳ್ಳೆಯ ಆಂಪ್ ಇದ್ದರೆ ಅದು ಕಿವಿಗೆ ಕೇಳುವುದಕ್ಕಿಂತ ಎದೆಗೆ ತಿಳಿಯುವುದೇ ಹೆಚ್ಚು. ತಿಳಿಯಿತು. ಹಾಸನದಲ್ಲಿ ಮೊದಲು ಕಲಿತ ಭಾವಗೀತೆಯೊಂದರ ಬಾಸನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ನುಡಿಸಿದೆ. ಕೈಗೆ ಏನೋ ಹೊಸತೆನಿಸುತ್ತಿತ್ತು, ಹೊಸ ವಾದ್ಯವಲ್ಲವೇ ಎಂದುಕೊಂಡೆ.

ಬಳಿಕ ಸ್ಟ್ರಾಪ್ ಕೇಳಿ ಪಡೆದು ಎದ್ದು ನಿಂತೆ. ಎಡಗೈಯನ್ನು ಸಡಿಲಬಿಟ್ಟು, ಬಲಗೈಯನ್ನು ನೆಕ್‌ನಿಂದ ತೆಗೆದೆ. ಹೆಡ್‌ಸ್ಟಾಕ್ ನಿಧಾನವಾಗಿ, ಒಂದೇ ಸಮನೆ, ನನ್ನ ಮೊಣಕಾಲಿನ ಮಟ್ಟಕ್ಕೆ ಇಳಿಯಿತು. ಎತ್ತಿ ಸರಿಮಾಡಿ ಮತ್ತೆ ಕೈಬಿಟ್ಟೆ. ಮತ್ತೆ ಇಳಿಯಿತು. ಯಾವ ನೋವಿನಿಂದ ಬಿಡುಗಡೆ ಬೇಕೆಂದು ಇಷ್ಟು ವರ್ಷ ಕಾದಿದ್ದೆನೋ ಅದೇ ನೋವು ಈ ವಾದ್ಯದಲ್ಲೂ ಕಾದು ಕುಳಿತಿತ್ತು. ಆಗ ಕಣ್ಣಿಗೆ ಬಿದ್ದದ್ದು ಮೇಲಿನ ಕೊಂಬು. ಅಂದಕ್ಕಾಗಿ ಅದನ್ನು ಗಿಡ್ಡವಾಗಿ, ದುಂಡಗೆ ಮಾಡಿದ್ದರು. ಸ್ಟ್ರಾಪ್ ಗುಂಡಿ ಹನ್ನೆರಡನೆಯ ಫ್ರೆಟ್‌ಗಿಂತ ಬಹಳ ಹಿಂದೆ ಉಳಿದಿತ್ತು, ಟ್ಯೂನಿಂಗ್ ಕೀಗಳು ಭಾರವಾದ ಲೋಹದವು. ಹದಿನಾರು ವರ್ಷ ನಾನು ನೋಡಿದ್ದ ಚಿತ್ರದಲ್ಲಿ ವಾದ್ಯ ನೆಟ್ಟಗೆ ನಿಂತಿತ್ತು. ನೆಟ್ಟಗೆ ನಿಂತ ಚಿತ್ರದಲ್ಲಿ ತೂಕ ಕಾಣುವುದಿಲ್ಲ. ಇದು ಬಲಗೈಯವರಿಗೂ ಇರುವ ತೊಂದರೆಯೇ, ಏಕೆಂದರೆ ಅವರ ಮಾದರಿಯ ಆಕಾರವೂ ಇದೇ.

ಎರಡನೆಯ ದೋಷ ಮಾತ್ರ ಎಡಗೈಯವರಿಗೇ ಮೀಸಲಾದದ್ದು, ನನಗೆ ಹೆಚ್ಚು ಬೇಸರ ತಂದದ್ದೂ ಅದೇ. ಶಬ್ದ ತಗ್ಗಿಸೋಣವೆಂದು ವಾಲ್ಯೂಮ್ ನಾಬ್ ತಿರುಗಿಸಿದೆ. ಅರ್ಧ ಸುತ್ತಿದರೂ ಬದಲಾಗಲಿಲ್ಲ, ಮುಕ್ಕಾಲು ಸುತ್ತಿದರೂ ಹೆಚ್ಚೇನೂ ಬದಲಾಗಲಿಲ್ಲ. ಕೊನೆಯ ಒಂದಿಷ್ಟು ಜಾಗದಲ್ಲಿ ಒಮ್ಮೆಗೇ ಕುಸಿದು ಮೌನವಾಯಿತು. ಇದಕ್ಕೆ ಕಾರಣ ಸರಳವಾದದ್ದು. ಶಬ್ದ ಹಂತಹಂತವಾಗಿ ಏರಿದಂತೆ ಕಿವಿಗೆ ಕೇಳಿಸಬೇಕಾದರೆ ನಾಬ್‌ನ ಒಳಗಿರುವ ಪೊಟೆನ್ಷಿಯೋಮೀಟರ್‌ನ ರೋಧ ಮೊದಲು ನಿಧಾನವಾಗಿ, ಕೊನೆಗೆ ವೇಗವಾಗಿ ಬದಲಾಗಬೇಕು. ಎಡಗೈ ವಾದ್ಯದಲ್ಲಿ ನಾಬ್ ಏರುವ ದಿಕ್ಕು ಬೇರೆಯಾಗಿರುವುದರಿಂದ ಈ ಕ್ರಮವನ್ನು ತಿರುವಿ ಮಾಡಿದ ಬೇರೆ ಜಾತಿಯ ಭಾಗವನ್ನೇ ಹಾಕಬೇಕು. ಸಾಮಾನ್ಯದ್ದನ್ನೇ ಹಾಕಿ ವೈರುಗಳನ್ನು ಮಾತ್ರ ಅದಲುಬದಲು ಮಾಡಿದರೆ ದಿಕ್ಕು ಸರಿಹೋಗುತ್ತದೆ, ಏರಿಳಿತ ಕೆಡುತ್ತದೆ. ನಾನು ಅನುಮಾನ ಹೇಳಿದಾಗ ಆ ತರುಣ ಹಿಂಬದಿಯ ಮುಚ್ಚಳದ ತಿರುಪುಗಳನ್ನು ಬಿಚ್ಚಿ, ಪುಟ್ಟ ದೀಪ ಹಿಡಿದು ತೋರಿಸಿದರು. ಲೋಹದ ಬೆನ್ನಿನ ಮೇಲೆ 'ಎ 250 ಕೆ' ಎಂಬ ಅಚ್ಚು ಸ್ಪಷ್ಟವಾಗಿತ್ತು. 'ಎ' ಎಂದರೆ ಸಾಮಾನ್ಯ ಜಾತಿ, ಎಡಗೈಗೆ ಬೇಕಾದದ್ದು ತಿರುವಿ ಮಾಡಿದ 'ಸಿ'. ಅವರು ತಪ್ಪು ತಮ್ಮದೇ ಎಂಬಂತೆ ತಲೆ ಬಾಗಿಸಿದರು.

ಸರಿಯಾದ ಆ ಭಾಗದ ಬೆಲೆ ಕೆಲವು ನೂರು ಯೆನ್ ಇರಬಹುದು. ಅಲ್ಲಿಂದ ಒಂದೇ ನಿಲ್ದಾಣದಾಚೆ ಇರುವ ಅಕಿಹಬಾರಾದ ಬಿಡಿಭಾಗದ ಅಂಗಡಿಗಳಲ್ಲಿ ಕೊಂಡು ತಂದು ಯಾರಾದರೂ ಅರ್ಧ ಗಂಟೆಯಲ್ಲಿ ಬೆಸುಗೆ ಹಾಕಿ ಬದಲಿಸಬಹುದು. ನನಗೆ ಸಂಕಟವಾದದ್ದು ಅದಕ್ಕೇ. ಮರವನ್ನು ತಿರುವಿ ಕತ್ತರಿಸಿದ್ದರು, ಫಲಕವನ್ನು ತಿರುವಿದ್ದರು, ನಟ್ಟನ್ನು ಸರಿಯಾಗಿ ಕೊರೆದಿದ್ದರು. ಇಷ್ಟೆಲ್ಲ ಮಾಡಿದವರಲ್ಲಿ ಒಬ್ಬರಾದರೂ ಎಡಗೈಯವರೊಬ್ಬರನ್ನು ಕೂರಿಸಿ "ನುಡಿಸಿ ನೋಡಿ" ಎಂದು ಕೇಳಿರಲಿಲ್ಲ. ಕೇಳಿದ್ದರೆ ಮೊದಲ ಹಾಡಿನಲ್ಲೇ ತಿಳಿಯುತ್ತಿತ್ತು. ಹೊರನೋಟಕ್ಕೆ ಎಡಗೈ ವಾದ್ಯವಾಗಿದ್ದರೂ ಅದು ಒಳಗೆ ಬಲಗೈಯವರದ್ದಾಗಿಯೇ ಉಳಿದಿತ್ತು.

ಇವೆರಡನ್ನೂ ಸಹಿಸಿಕೊಂಡು ಕೊಳ್ಳಬಹುದಿತ್ತೇನೋ. ಮತ್ತೆ ಕುಳಿತು ಇನ್ನೊಂದು ಹಾಡು ನುಡಿಸಿದೆ. ದುಂಡು ಸುತ್ತಿನ ಹೊಸ ರೌಂಡ್‌ವೌಂಡ್ ತಂತಿಗಳ ನಾದ ಬಹಳ ಚುರುಕಾಗಿ, ಲೋಹದ ಕಿಣಕಿಣದೊಡನೆ ಬರುತ್ತಿತ್ತು. ನಾನು ಬಳಸುವುದು ಚಪ್ಪಟೆ ಸುತ್ತಿನ ಫ್ಲಾಟ್‌ವೌಂಡ್ ತಂತಿ. ಅದರ ಮೆತ್ತನೆಯ ನಾದ ತಬಲಾದ ಡಗ್ಗಾದ ಪಕ್ಕದಲ್ಲಿ ಜಗಳವಿಲ್ಲದೆ ಕೂರುತ್ತದೆ. ತಂತಿ ಬದಲಿಸಿದರಾಯಿತು, ಅದು ದೊಡ್ಡ ಮಾತಲ್ಲ. ಆದರೆ ಬೆರಳುಗಳಿಗೆ ಜಾಗ ಸಾಲುತ್ತಿರಲಿಲ್ಲ. ಆ ನೆಕ್ ನಟ್‌ನ ಬಳಿ 38 ಮಿಲಿಮೀಟರ್ ಅಗಲ, ನನ್ನದು 42. ನಾಲ್ಕು ಮಿಲಿಮೀಟರ್ ಕೇಳುವುದಕ್ಕೆ ಅಲ್ಪ, ಆದರೆ ಮೂರನೆಯ ತಂತಿ ಡಿಯಿಂದ ಅತಿ ಸಣ್ಣ ತಂತಿ ಜಿಗೆ ದಾಟುವಾಗಲೆಲ್ಲ ನನ್ನ ಬೆರಳು ಪಕ್ಕದ ತಂತಿಯನ್ನು ತಡವುತ್ತಿತ್ತು. ಆರಂಭದಲ್ಲಿ ಹೊಸತನವೆಂದು ಬಗೆದದ್ದು ಇದನ್ನೇ. ಮೂರನೆಯ ಹಾಡಿನ ನಡುವೆ ನಿಲ್ಲಿಸಿದೆ.

ವಾದ್ಯವನ್ನು ಹಿಂತಿರುಗಿಸಿ ಕ್ಷಮೆ ಕೇಳಿದೆ. ಫೋನಿನ ಅನುವಾದದ ಮೂಲಕ ಆ ತರುಣ ನಾನು ಎಲ್ಲಿಂದ ಬಂದೆ, ಎಷ್ಟು ವರ್ಷದಿಂದ ನುಡಿಸುತ್ತಿದ್ದೇನೆ ಎಂದು ಕೇಳಿ, ಕಾಗದದ ಚೂರೊಂದರಲ್ಲಿ ಇನ್ನೆರಡು ಅಂಗಡಿಗಳ ಹೆಸರು ಬರೆದುಕೊಟ್ಟರು. ಬರೆದದ್ದು ಎಡಗೈಯಲ್ಲಿ. ಆ ಎರಡು ಅಂಗಡಿಗಳಿಗೆ ಹೋಗುವ ಚೈತನ್ಯ ಆ ದಿನ ನನ್ನಲ್ಲಿ ಉಳಿದಿರಲಿಲ್ಲ. ನಿಲ್ದಾಣದ ಬಳಿಯ ಸೇತುವೆಯ ಮೇಲೆ ನಿಂತು ಕೆಳಗೆ ರೈಲುಗಳು ಬಂದುಹೋಗುವುದನ್ನು ಬಹಳ ಹೊತ್ತು ನೋಡಿದೆ. ಸತ್ತುಹೋದವರನ್ನು ನೆನೆದಂಥ ದುಃಖವೇನೂ ಅದಾಗಿರಲಿಲ್ಲ. ಬಹುಕಾಲ ಮನಸ್ಸಿನಲ್ಲಿ ಹಚ್ಚಿಟ್ಟ ದೀಪವೊಂದನ್ನು ನಾನೇ ಆರಿಸಿ ಬಂದಂತಿತ್ತು. ಮನೆಗೆ ಫೋನು ಮಾಡಿದಾಗ ಹೆಂಡತಿ ಬೆಲೆಯ ಬಗ್ಗೆ ಕೇಳಲಿಲ್ಲ, "ಕೈ ನೋವು ಬಂತಾ?" ಎಂದು ಕೇಳಿದಳು.

ಊರಿಗೆ ಬಂದ ಮೇಲೆ ವರ್ನಿಯರ್ ಕ್ಯಾಲಿಪರ್ ಹಿಡಿದು ನನ್ನ ಬಾಸನ್ನು ಅಳೆದೆ. ಅಕ್ಕಸಾಲಿಗರು ಕೊರೆದ ನಟ್‌ನಲ್ಲಿ ಇ, ಎ, ಡಿ ತಂತಿಗಳ ನಡುವಿನ ಅಂತರ ಸಮವಾಗಿತ್ತು. ಡಿ ಮತ್ತು ಜಿ ನಡುವಿನದು ಮಾತ್ರ ಒಂದು ಮಿಲಿಮೀಟರ್‌ನಷ್ಟು ಹೆಚ್ಚಿತ್ತು. ಅವರು ನಾನು ಎಳೆದ ಗೆರೆಯ ಮೇಲೆಯೇ ಕೊರೆದಿದ್ದರು, ಗೆರೆಯೇ ಓರೆಯಾಗಿತ್ತು. ಆ ಹೆಚ್ಚಿನ ಜಾಗವನ್ನು ನನ್ನ ಬೆರಳುಗಳು ನನಗೆ ತಿಳಿಯದಂತೆಯೇ ಕಲಿತುಕೊಂಡಿದ್ದವು.

ಈಗ ಬೆಂಗಳೂರಿನಲ್ಲಿ ಗಿಟಾರ್ ಮಾಡುವ ಒಬ್ಬರಿಗೆ ಎಡಗೈ ಬಾಸ್ ಮಾಡಿಕೊಡುವಂತೆ ಹೇಳಿದ್ದೇನೆ. ಅವರು ಕೇಳಿದ ಪಟ್ಟಿಯನ್ನು ಎರಡು ರಾತ್ರಿ ಕುಳಿತು ತುಂಬಿದೆ. ತಂತಿಯ ನುಡಿಯುವ ಉದ್ದ 34 ಇಂಚು, ನೆಕ್‌ನ ಅಗಲ ನಟ್‌ನ ಬಳಿ 42 ಮಿಲಿಮೀಟರ್, ಒಟ್ಟು ತೂಕ ನಾಲ್ಕು ಕಿಲೋ ಮೀರಬಾರದು, ಹಗುರವಾದ ಟ್ಯೂನಿಂಗ್ ಕೀ, ಮೇಲಿನ ಕೊಂಬಿನ ಗುಂಡಿ ಹನ್ನೆರಡನೆಯ ಫ್ರೆಟ್‌ನ ನೇರಕ್ಕೆ ಬರಬೇಕು, ಪೊಟೆನ್ಷಿಯೋಮೀಟರ್ 'ಸಿ' ಗುರುತಿನದೇ ಆಗಬೇಕು. ಬಣ್ಣದ ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದೆ. ಆರಿಸುವ ಅವಕಾಶ ಮೊದಲ ಸಲ ಸಿಕ್ಕಿದ್ದರಿಂದ ಮಗಳನ್ನು ಕೇಳಿದೆ, ಅವಳು ಹಲಸಿನ ತೊಳೆಯ ಬಣ್ಣ ಎಂದಳು, ಅದನ್ನೇ ಬರೆದೆ. ನಟ್‌ನಲ್ಲಿ ತಂತಿಗಳ ಅಂತರ ಎಷ್ಟೆಂಬುದಕ್ಕೆ ಮಾತ್ರ ಅಂಕಿ ಬರೆಯಲಿಲ್ಲ. ತಂತಿಗಳನ್ನು ಸಡಿಲಿಸಿ, ಹಾಸನದ ಆ ಕೊಂಬಿನ ನಟ್ಟನ್ನು ಬಿಚ್ಚಿ, ಹತ್ತಿಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟು ಬಂದಿದ್ದೇನೆ. ಅದು ಹಿಂತಿರುಗಿ ಬರುವವರೆಗೆ ಮನೆಯಲ್ಲಿ ನುಡಿಸುವುದಕ್ಕೆ ಬಾಸ್ ಇಲ್ಲ.